ಕಂಡಷ್ಟೇ ಬರೆಯುವ ಗುನ್ವೋರ್

ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆ. ಉತ್ತರ ಧ್ರುವದ ಕಡೆಯ ಯಾನ್ ಮಾಯೆನ್ ದ್ವೀಪದ ಕಪ್ಪು ಮರಳಿನ ಮೇಲೆ ಗುನ್ವೋರ್ ಮಿಕ್ಲೆಬುಸ್ಟ್ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಮಂಜಿನಲ್ಲಿ ಎಷ್ಟು ದೂರ ಕಾಣುತ್ತದೆ ಎಂದು ಬರೆಯಬೇಕು: ಎರಡು ಕಿಲೋಮೀಟರ್ ದೂರದ ಬಂಡೆ ಕಂಡರೆ ಒಂದು ಲೆಕ್ಕ, ಕಾಣದಿದ್ದರೆ ಇನ್ನೊಂದು. ಇವತ್ತು ಮಸುಕಾಗಿ ಕಾಣುತ್ತಿದೆ. ಜ್ವಾಲಾಮುಖಿ ಬೆಟ್ಟ ಮಾತ್ರ ಹನ್ನೆರಡು ದಿನದಿಂದ ಮುಖ ತೋರಿಸಿಲ್ಲ. ಅಷ್ಟನ್ನೇ ಬರೆದುಕೊಂಡು, ಮೇಲಿನ ಹವೆ ಅಳೆಯುವ ಬಲೂನಿಗೆ ಅನಿಲ ತುಂಬಲು ಹೊರಡುತ್ತಾರೆ.

ಐವತ್ತೆಂಟರ ಗುನ್ವೋರ್ ಇಲ್ಲಿನ ಹವಾಮಾನ ವೀಕ್ಷಕಿ. ಆರಾರು ತಿಂಗಳ ಸರದಿ. ಇದು ಅವರ ಹದಿನಾಲ್ಕನೆಯದು, ನನ್ನದು ಮೂರನೆಯದು. ನಿಲ್ದಾಣದಲ್ಲಿ ನಾವು ಹದಿನೆಂಟು ಜನ.

"ಜನ ಕಡಿಮೆ ಇದ್ರೆ ಒಂಟಿತನ ಅಂತೇನಿಲ್ಲ. ಊಟದ ಮೇಜಲ್ಲಿ ಎಲ್ಲರ ಕತೇನೂ ಮುಗಿದುಹೋಗುತ್ತಲ್ಲ, ಆಮೇಲೆ ಶುರುವಾಗೋದು" ಎನ್ನುತ್ತಾರೆ.

"ನಿನಗೂ ಮಂಜಿಗೂ ಮದುವೆ ಮಾಡಿಸಿಬಿಡ್ತೀನಿ" ಎಂದು ಅಡುಗೆಯ ಐಲಿಫ್ ರೇಗಿಸುತ್ತಾನೆ.

"ಮಾಡ್ಸಪ್ಪ. ಅದಾದ್ರೂ ದಿನಾ ಕಾಡ್ ಮೀನು ಬಡಿಸಲ್ಲ."

ಮೂರು ವರ್ಷದ ಹಿಂದೆ ಇದೇ ತಿಂಗಳಲ್ಲಿ ಊರಲ್ಲಿ ಅವರ ತಾಯಿ ತೀರಿಕೊಂಡರು. ಶನಿವಾರ ಮಣ್ಣು. ಗುರುವಾರ ವಿಮಾನ ಬರುವುದಿತ್ತು. ಆಮೇಲಿನದು ಆರು ವಾರ ಬಿಟ್ಟು. ಜಲ್ಲಿಯ ರನ್‌ವೇಯನ್ನು ಪೈಲಟ್ ಕಣ್ಣಾರೆ ಕಂಡೇ ಇಳಿಯಬೇಕು. ಹಾಗಾಗಿ ಹೊರಡುವ ಮೊದಲು ಪೈಲಟ್‌ಗಳು ಗುನ್ವೋರ್ ಕಳಿಸುವ ವರದಿಗೆ ಕಾಯುತ್ತಾರೆ. ಆ ಬೆಳಿಗ್ಗೆ ಬಂಡೆಯ ಸುಳಿವೇ ಇಲ್ಲ.

"ಕಂಡ್ತು ಅಂತ ಬರೆದುಬಿಡು ಗುನ್ವೋರ್. ಅವರು ಬರೋ ಹೊತ್ತಿಗೆ ಮಂಜು ಹರಿದಿರುತ್ತೆ" ಎಂದನಂತೆ ಐಲಿಫ್.

ಕಟ್ಟಿದ ಚೀಲ ಬಾಗಿಲಲ್ಲಿತ್ತು. ನಲವತ್ತು ನಿಮಿಷ ಹೊರಗೆ ನಿಂತು ನೋಡಿದರು. ಒಳಬಂದು "ಕಾಣುತ್ತಿಲ್ಲ" ಎಂದು ಕಳಿಸಿದರು. ವಿಮಾನ ಹೊರಡಲಿಲ್ಲ.

ಮಧ್ಯಾಹ್ನ ಎರಡಕ್ಕೆ ಮಂಜು ಹರಿಯಿತು. ಚೆನ್ನಾಗಿ ಬಿಸಿಲು ಬಿತ್ತು.

"ಶನಿವಾರ ತಂಗಿ ಗುಂಡಿ ಹತ್ರ ಫೋನ್ ಹಿಡ್ಕೊಂಡಿದ್ಲು. ಹಾಡಿಗಿಂತ ಗಾಳೀನೇ ಜಾಸ್ತಿ ಕೇಳಿಸ್ತು. ಆಮೇಲೆ ಒಂದು ವರ್ಷ ಅವಳು ಮಾತಾಡ್ಲಿಲ್ಲ. 'ಒಂದು ಸಾಲು ಬರೆಯೋಕೆ ಆಗ್ಲಿಲ್ವಾ ನಿಂಗೆ?' ಅಂದಿದ್ಲು."

ಬೇಸರವಿದೆಯೇ ಎಂದು ಕೇಳಿದೆ. ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ಬಿಸಿಲು ನೋಡಿ ಅವತ್ತು ಗೋಡೆಗೆ ತಲೆ ಕೊಟ್ಟು ಅತ್ತೆ." ಬಟ್ಟಲನ್ನು ಕೆಳಗಿಟ್ಟು ಹೇಳಿದರು: "ಹೋದ ವಾರ ಪೈಲಟ್ ಒಬ್ಬ ಹೊರಡೋ ಮುಂಚೆ ನಮ್ಮ ವರದಿ ನೋಡಿ 'ಇವತ್ತು ಬಂಡೆ ನೋಡಿದ್ದು ಯಾರು?' ಅಂತ ಕೇಳಿದ್ನಂತೆ. ನನ್ನ ಹೆಸರು ಹೇಳಿದ್ರು. ಮತ್ತೇನೂ ಕೇಳ್ಲಿಲ್ವಂತೆ, ಹೊರಟುಬಂದ."