ರಾಯಪುರಂನ ‘ಅಪ್ಪುರಂ’ ಡಾಕ್ಟರು

ರಾಯಪುರಂನ ಧರ್ಮಾಸ್ಪತ್ರೆಯ ಆ ಡಾಕ್ಟರು ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟರೆಂದರೆ ಕೇಳಲು ಕೂತರೆಂದೇ ಅರ್ಥ. ಆಮೇಲೆ ಅವರದು ಒಂದೇ ಮಾತು: “ಅಪ್ಪುರಂ?” ಅಂದರೆ, ಆಮೇಲೆ?

ಅಣ್ಣನ ಮನಸ್ಸಿನ ಕಾಯಿಲೆಗೆ ಹೆಸರಿಟ್ಟ ಮೈಲಾಪೂರಿನ ಡಾಕ್ಟರ ಫೀಸು ಅಪ್ಪನ ಸಂಬಳಕ್ಕೆ ಎಟುಕದೆ ಇಲ್ಲಿಗೆ ಬಂದಿದ್ದೆವು. ಕಾಯಿಲೆ ಬಿದ್ದಮೇಲೆ ಅಣ್ಣ ತಮಿಳು ಬಿಟ್ಟೇಬಿಟ್ಟಿದ್ದ. ಅವನು ಹೇಳಿದ್ದನ್ನು ಅಮ್ಮನೇ ತಮಿಳಿನಲ್ಲಿ ಹೇಳಬೇಕು.

ಅವತ್ತು ಅಣ್ಣ ಬೆರಳು ಹಿಸುಕಿಕೊಳ್ಳುತ್ತ ತುಂಬ ಹೊತ್ತು ಮಾತಾಡಿದ. “ಟೆರೇಸಿಗೆ ಬಾ, ಬಾ ಅಂತ ಕರೀತಾನೇ ಇರ್ತಾರೆ. ನಿನ್ನೆ ಹೋಗಿ ಕಟ್ಟೆ ಮೇಲೆ ನಿಂತಿದ್ದೆ.”

ಅಮ್ಮ ಸೆರಗು ಸರಿಮಾಡಿಕೊಂಡು, “ತೂಕ್ಕಂ ವರಲೆ ಡಾಕ್ಟರ್, ಅವ್ವಳವುದಾನ್” ಎಂದಳು. ನಿದ್ದೆ ಬರುತ್ತಿಲ್ಲ, ಅಷ್ಟೇ.

ಡಾಕ್ಟರಿಗೆ ಕನ್ನಡ ಬಾರದು. ಆದರೂ, ಅವನು ಅಷ್ಟು ಹೊತ್ತು ಮಾತಾಡಿದನಲ್ಲ ಎಂದು ತಮಿಳಿನಲ್ಲಿ ಕೇಳಿ, ಅಮ್ಮನನ್ನೇ ನೋಡಿದರು. “ಅಪ್ಪುರಂ?”

ಅಮ್ಮ ನನ್ನ ಮುಖ ನೋಡಿದಳು. ನನಗೆ ಗಂಡು ಹುಡುಕುತ್ತಿದ್ದ ದಿನಗಳವು. ಮತ್ತೆ ಬಾಯಿ ತೆರೆದಾಗ ಅವಳಿಗೆ ತಮಿಳೇ ಮರೆತುಹೋಗಿತ್ತು. ಅಳುತ್ತ ಎಲ್ಲವನ್ನೂ ಕನ್ನಡದಲ್ಲೇ ಹೇಳಿಬಿಟ್ಟಳು. ಒಂದು ಪದವೂ ತಿಳಿಯದ ಡಾಕ್ಟರು ಅವಳು ಮುಗಿಸುವವರೆಗೂ ತಡೆಯಲಿಲ್ಲ.

ಆಮೇಲೆ ಪೆನ್ನಿನ ಕ್ಯಾಪು ತೆಗೆದು ನನ್ನತ್ತ ತಿರುಗಿದರು.

“ಇಪ್ಪೊ ನೀ ಸೊಲ್ಲುಮ್ಮಾ.” ಈಗ ನೀನು ಹೇಳಮ್ಮ.