ಜೊಂಡು ಕಿತ್ತ ವರ್ಷ

ಹುಣಸಮಾರನಹಳ್ಳಿಯ ಆಚೆ, ನಮ್ಮೂರ ಕೆರೆಗೆ ನೀರು ಬಂದು ಸೇರುವ ಬಾಯಲ್ಲಿ ಆಳೆತ್ತರ ಜೊಂಡು ಬೆಳೆದಿರುತ್ತಿತ್ತು. ಅಜ್ಜಿಯ ಕಾಲದವರು ಚಾಪೆ ಹೆಣೆಯಲು ಅದನ್ನು ಕೊಯ್ಯುತ್ತಿದ್ದರು. ಆದರೆ ಒಂದು ವರ್ಷ ಎಡಗಡೆಯದು, ಮರುವರ್ಷ ಬಲಗಡೆಯದು. ಪೂರ್ತಿ ಬೋಳಿಸಿದರೆ ಕಾಲುವೆಯ ನೀರು ತಡೆಯಿಲ್ಲದೆ ನುಗ್ಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಜೊಂಡಿನೊಳಗೆ ಹೊಕ್ಕ ನೀರು ಹೊತ್ತ ಮಣ್ಣನ್ನು ಅಲ್ಲೇ ಇಳಿಸಿ, ನಿಧಾನಕ್ಕೆ ಕೆರೆ ಸೇರುತ್ತಿತ್ತು.

ಪ್ಲಾಸ್ಟಿಕ್ ಚಾಪೆ ಬಂದಮೇಲೆ ಕೊಯ್ಯುವವರೂ ಇಲ್ಲ, ಆ ಎಡ ಬಲ ನೆನಪಿಟ್ಟುಕೊಂಡವರೂ ಇಲ್ಲ. ಮೇಲಿನ ಹೊಲಗಳೆಲ್ಲ ಲೇಔಟ್ ಆದವು. ಹೊಸಬರು ಸೊಳ್ಳೆ ಸೊಳ್ಳೆ ಎಂದು ಬೊಬ್ಬೆ ಹಾಕಿದರು. ಅವರನ್ನೇ ಬೈದು ಸುಮ್ಮನಾಗಬಹುದಿತ್ತು. ಆದರೆ ಜೆಸಿಬಿ ಕರೆಸಿದವನು ನಮ್ಮ ಚಿಕ್ಕಪ್ಪನೇ. ಕೆರೆ ಏರಿಯ ಕೆಳಗೆ ಅವನ ಮನೆ, ಕೊಟ್ಟಿಗೆ, ಎರಡು ಹಸು, ಒಂದು ಕರು. ಸೊಳ್ಳೆ ಕಾಟಕ್ಕೆ ಅವು ಒದ್ದಾಡುವುದನ್ನು ನೋಡಲಾರದೆ ಹಾಗೆ ಮಾಡಿದ.

"ಅರ್ಧ ಆದ್ರೂ ಬಿಡು ಚಿಕ್ಕಪ್ಪ," ಎಂದೆ.

"ಈಗ್ಯಾರವ್ವ ಚಾಪೆ ಎಣೀತಾರೆ? ಕೆರೆ ಎಂಗೆ ಕನ್ನಡಿ ಇದ್ದಂಗೈತೆ ನೋಡು," ಎಂದು ನಕ್ಕ.

ಚೆಂದವೇ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಕಿತ್ತ ಜೊಂಡನ್ನು ಬೇರುಸಮೇತ ಕೋಡಿಯ ಪಕ್ಕ, ಕೆರೆ ತುಂಬಿದಾಗ ನೀರು ಹೊರಬೀಳುವ ಜಾಗದಲ್ಲೇ ಗುಡ್ಡೆ ಹಾಕಿದರು. ಒಣಗಿದ ಮೇಲೆ ಸುಟ್ಟರಾಯಿತು ಎಂದುಕೊಂಡರು.

ಒಣಗಲು ಮಳೆ ಬಿಡಲಿಲ್ಲ. ಒಂದು ಬೆಳಗಿನ ಜಾವ, ಲೇಔಟಿನ ಕಾಂಕ್ರೀಟಿನ ಮೇಲೆ ಬಿದ್ದ ನೀರೆಲ್ಲ ಒಂದೇ ಏಟಿಗೆ ಕೆರೆಗೆ ನುಗ್ಗಿತು. ಜೊಂಡಿನ ಗುಡ್ಡೆ ತೇಲಿಬಂದು ಕೋಡಿಗೆ ಬಿರಡೆ ಹಾಕಿದಂತೆ ಸಿಕ್ಕಿಕೊಂಡಿತು. ಹೋಗಲು ದಾರಿಯಿಲ್ಲದ ನೀರು ಏರಿಯನ್ನು ದಾಟಿ ಚಿಕ್ಕಪ್ಪನ ಮನೆಯ ಕಡೆ ಇಳಿಯಿತು. ಹಾಲು ಕರೆಯಲು ಎದ್ದವನು ಎದೆಮಟ್ಟದ ನೀರಿನಲ್ಲಿ ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗ ಬಿಚ್ಚಿದ. ಹಸುಗಳ ಹಗ್ಗ ಮಾತ್ರ ನೆನೆದು, ಅವು ಜಗ್ಗಿದಷ್ಟೂ ಗಂಟು ಬಿಗಿದುಕೊಂಡಿತ್ತು. ಕುಡುಗೋಲು ಕೈಗೆ ಸಿಗಲಿಲ್ಲ. ನೀರೊಳಗೆ ಕೈಯಿಟ್ಟು ಗಂಟಿನ ಜೊತೆ ಗುದ್ದಾಡುತ್ತಿದ್ದವನನ್ನು ಅಕ್ಕಪಕ್ಕದವರು ಎಳೆದು ತಂದರು. ನಾನು ಹೋಗುವಷ್ಟರಲ್ಲಿ ನೀರು ಇಳಿದಿತ್ತು. ಹಸುಗಳು ಗೂಟದ ಬಳಿಯೇ ಸತ್ತು ಬಿದ್ದಿದ್ದವು. ಯಾರನ್ನು ಬೈಯಬೇಕೆಂದು ತೋಚದೆ ಮಳೆಯನ್ನೇ ಬೈದೆ.

ಈಗ ಕೆರೆಯ ಬಾಯಲ್ಲಿ ಮತ್ತೆ ಜೊಂಡು ನೆಡುತ್ತಿದ್ದಾರೆ. ಸೊಳ್ಳೆ ಎಂದು ಕೂಗಿದವರೇ ಪ್ಯಾಂಟು ಮಡಚಿ ಕೆಸರಿಗಿಳಿದಿದ್ದಾರೆ. ಬೇರು ಬಿಡುವವರೆಗೆ ಕೊಚ್ಚಿಹೋಗದಂತೆ ಒಂದೊಂದು ಬುಡವನ್ನೂ ಗೂಟಕ್ಕೆ ಕಟ್ಟಬೇಕು. ಚಿಕ್ಕಪ್ಪ ಮನೆಯಿಂದ ಹಗ್ಗ ತಂದಿದ್ದ. ಯಾವ ಹಗ್ಗವೆಂದು ನಾನು ಕೇಳಲಿಲ್ಲ. ಅವನು ಕಟ್ಟಿದ್ದೆಲ್ಲ ಸಡಿಲ, ನೀರು ತುಸು ಜೋರಾದರೂ ಗಿಡ ಹೋಗುತ್ತದೆ.

"ಗಟ್ಟಿಯಾಗ್ ಕಟ್ಟು ಚಿಕ್ಕಪ್ಪ."

"ಬ್ಯಾಡ ಬಿಡವ್ವ," ಎಂದ. "ಒಂದ್ಸಲ ಎಳುದ್ರೆ ಬಿಚ್ಕೊಳ್ಳಂಗಿರ್ಲಿ."

ಅವನು ಮುಂದಿನ ಗೂಟಕ್ಕೆ ಹೋದ. ನಾನು ಹಿಂದೆಯೇ ಹೋಗಿ, ಅವನು ನೋಡದ ಹಾಗೆ ಒಂದೊಂದೇ ಗಂಟನ್ನು ಬಿಗಿಮಾಡುತ್ತಾ ಬಂದೆ.