ಆರುಮುಗಂ ಬಡಿದ ಬೆಣೆ

ಚಾಂಪಿಯನ್ ರೀಫ್ಸ್‌ನ ಆರುಮುಗಂ ಚಿನ್ನದ ಗಣಿಯೊಳಗೆ ಬಂಡೆ ಬೀಳದಂತೆ ಮರದ ಆಸರೆ ಕೊಡುತ್ತಿದ್ದವನು. ಒಂದು ದಿನ ಅವನು ಬಡಿದ ಬೆಣೆ ಸಡಿಲವಾಗಿ, ತಮ್ಮ ಗೋಪಿ ಬಂಡೆಯಡಿ ಸತ್ತ. ಆಮೇಲೆ ಅವನು ಕಟ್ಟಿದ್ದು ಮನೆಯ ಮಂಚವಾದರೂ ಅಲುಗಾಡಿದ್ದಿಲ್ಲ. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ಯಾರ ಮನೆಗೆ ಹೋಗಲಿ, ಮೊದಲು ತಲೆಯೆತ್ತಿ ಸೂರು ನೋಡುತ್ತಿದ್ದ. ನಾವು ನಗುತ್ತಿದ್ದೆವು.

ಬೇತಮಂಗಲದ ಕಡೆ ಹಳ್ಳ ಉಳಿಸುವ ಕೆಲಸಕ್ಕೆ ಅವನನ್ನು ಕರೆದವನು ನಾನೇ, ಅಲ್ಲಿನ ಮೇಲ್ವಿಚಾರಕನೂ ನಾನೇ. ಹಳ್ಳ ಕೊರೆದು ಕೊರೆದು ಆಳಕ್ಕಿಳಿದಿತ್ತು. ಮಳೆ ಬಂದರೆ ನೀರು ಅರ್ಧ ಗಂಟೆಯಲ್ಲಿ ಓಡಿಹೋಗುತ್ತಿತ್ತು, ಸುತ್ತಲ ಬಾವಿಗಳಿಗೆ ಹನಿ ಇಲ್ಲ. ಸಿಮೆಂಟು ಬೇಡ, ಅಡ್ಡಕ್ಕೆ ನೀಲಗಿರಿ ದಿಮ್ಮಿ ಇಟ್ಟರೆ ಸಾಕು. ಒಂದಿಷ್ಟು ನೀರು ಸಂದಿಯಲ್ಲಿ ಸೋರಬೇಕು, ಉಳಿದದ್ದು ನಿಧಾನವಾಗಿ ದಡದಾಚೆಯ ಹಳೆಯ ಬಯಲಿಗೆ ಹರಡಿ ಇಂಗಬೇಕು. ಹೇಳುವುದಕ್ಕೆ ಇಷ್ಟೇ.

ಆರುಮುಗಂ ಸಂದಿಗೆಲ್ಲ ಕಲ್ಲು ತುಂಬಿದ, ಜೇಡಿಮಣ್ಣು ಮೆತ್ತಿದ, ದಿಮ್ಮಿಯ ಎರಡೂ ತುದಿಗೆ ಬೆಣೆ ಬಡಿದ. ದಡದ ಮೇಲೆ ಮೇಕೆ ಕಟ್ಟಿಕೊಂಡಿದ್ದ ಮುನಿಲಕ್ಷ್ಮಿ ದಿನವೂ ಅವನಿಗೆ ಟೀ ತರುತ್ತಿದ್ದಳು.

“ಇಂಗೆ ಬಿಗಿದ್ರೆ ನೀರು ಎಲ್ಲಿಗಣ್ಣಾ ಓಗ್ಬೇಕು? ಒಸಿ ಸಂದಿ ಬಿಡಣ್ಣಾ.”

“ಸಡಿಲ ಬಿಟ್ರೆ ಆಳು ಸಾಯ್ತಾನಮ್ಮಾ. ನಂಗೊತ್ತು,” ಅಂದ.

ಕೆಲಸ ನೋಡಲು ಹೋದ ನಾನು ದಿಮ್ಮಿಯ ಮೇಲೆ ನಿಂತು ಕುಣಿದು ನೋಡಿದೆ. ಕದಲಲಿಲ್ಲ. ಕಲ್ಲು ಕಿತ್ತು ಸಂದಿ ಬಿಡು ಎನ್ನಬೇಕಿತ್ತು. ಅತಿಯಾದರೆ ಅಮೃತವೂ ವಿಷ ಎಂಬುದು ಗೊತ್ತಿಲ್ಲದ ಮನುಷ್ಯನೇ ನಾನು? ಗೋಪಿಯ ನೆನಪಾಗಿ ಬಾಯಿ ಬರಲಿಲ್ಲ. “ಭೇಷ್ ಆರುಮುಗಂ” ಎಂದು ಬೆನ್ನು ತಟ್ಟಿದೆ. ನನ್ನ ನಾಲಿಗೆ ಬಿದ್ದುಹೋಗಲಿ.

ಅಕ್ಟೋಬರಿನ ಒಂದು ಮಧ್ಯಾಹ್ನ ಮೇಲ್ಗಡೆ ಜೋರು ಮಳೆಯಾಯಿತು. ನೀರು ಬಂದು ದಿಮ್ಮಿಗೆ ಬಡಿಯಿತು, ಸೋರಲು ದಾರಿಯಿಲ್ಲದೆ ಏರಿತು, ಕೊನೆಗೆ ಪಕ್ಕದ ದಡವನ್ನೇ ಕೊರೆದು ನುಗ್ಗಿತು. ಮೇಕೆಗಳ ಹಗ್ಗ ಬಿಚ್ಚಲು ಓಡಿದ ಮುನಿಲಕ್ಷ್ಮಿ ದಡದ ಜೊತೆಗೇ ಕುಸಿದಳು. ಮರುದಿನ ಹೆಣ ಸಿಕ್ಕಾಗಲೂ ಮುಷ್ಟಿಯಲ್ಲಿ ಹಗ್ಗವಿತ್ತು.

ಮಣ್ಣು ಮಾಡಿದ ಮೇಲೆ ಆರುಮುಗಂ ನೇರ ಹಳ್ಳಕ್ಕೆ ಬಂದ. ದಿಮ್ಮಿ ಇಟ್ಟಲ್ಲೇ ಇತ್ತು. ನೀರು ಅದನ್ನು ಬಳಸಿ ಹೊಸ ದಾರಿಯಲ್ಲಿ ಹರಿಯುತ್ತಿತ್ತು. ಅವನು ಹಾರೆ ಹಾಕಿ ಬೆಣೆಯನ್ನು ಮೀಟತೊಡಗಿದ. ನಾನೂ ಇನ್ನೊಂದು ಹಾರೆ ಹಿಡಿದೆ.

“ಅವತ್ತು ಇಷ್ಟು ಬಿಗಿಯಾಗಿ ಬಡ್ದಿದ್ರೆ ಗೋಪಿ ಬದುಕ್ತಿದ್ದ ಸಾರ್,” ಅಂದ, ನನ್ನ ಕಡೆ ನೋಡದೆ.

ಸಂಜೆಯವರೆಗೆ ಇಬ್ಬರೂ ಮೀಟಿದೆವು. ಒಂದು ಬೆಣೆಯೂ ಬರಲಿಲ್ಲ.